ಊತದ ಮಾತ್ರೆ

ಬಿದ್ದವನನ್ನು ಆಂಬುಲೆನ್ಸಿಗೆ ಹತ್ತಿಸುವ ಮೊದಲು ಭಾವ ಅವನ ಚೀಲದ ಪಕ್ಕದ ಜೇಬಿಗೆ ಕೈಹಾಕಿ ಮಾತ್ರೆಯ ಸ್ಟ್ರಿಪ್ಪನ್ನು ತೆಗೆದುಕೊಂಡ. ಅದನ್ನು ತನ್ನ ನಾದಿನಿಯ ಬಣ್ಣದ ಚೀಲದೊಳಗೆ ತುರುಕಿ ಜಿಪ್ಪೆಳೆದ. ಆಮೇಲೆ ಸ್ಟ್ರೆಚರಿನ ಒಂದು ಮೂಲೆ ಹಿಡಿದುಕೊಂಡು ಗೇಟಿನ ಕಡೆ ಹೋದ.

ನಾದಿನಿ ಅಷ್ಟನ್ನೂ ನಿಂತೇ ನೋಡಿದಳು. ಕೂರುವ ಹಾಗಿರಲಿಲ್ಲ. ದೇಹದಾರ್ಢ್ಯ ಸ್ಪರ್ಧೆಗೆಂದು ಮೈಗೆ ಬಳಿದ ಕಂದು ಬಣ್ಣ ಒಣಗುವ ತನಕ ಕೈಗಳನ್ನು ಎರಡೂ ಬದಿಗೆ ಚಾಚಿ, ತೊಡೆಗೆ ತೊಡೆ ತಾಗದಂತೆ ಬೆದರುಬೊಂಬೆಯ ಹಾಗೆ ನಿಂತಿರಬೇಕು. ತಾಗಿದಲ್ಲಿ ಬಣ್ಣ ಎದ್ದುಬಂದು, ವೇದಿಕೆಯ ದೀಪದ ಕೆಳಗೆ ಸುಣ್ಣ ಉದುರಿದ ಗೋಡೆಯ ಹಾಗೆ ಕಾಣುತ್ತದೆ. ಬಿದ್ದವನೂ ಹಾಗೇ ನಿಂತಿದ್ದ, ಅವಳಿಂದ ಒಂದು ಮಾರು ದೂರದಲ್ಲಿ. ಗಡಿಯಾರ ರಿಪೇರಿ ಮಾಡುವವನು, ಅದಕ್ಕೇ ಜಿಮ್ಮಿನಲ್ಲಿ ಎಲ್ಲರೂ ಅವನನ್ನು ಮುಳ್ಳು ಎಂದೇ ಕರೆಯುತ್ತಿದ್ದರು. ಮೊದಲು ಅವನ ಮಂಡಿ ಬಗ್ಗಿತು. ಆಮೇಲೆ ಅವನು ಅವಳ ಕಡೆಗೆ ಕೈ ನೀಡಿದ. ಹಿಡಿಯಬಹುದಾಗಿತ್ತು. ಹಿಡಿದಿದ್ದರೆ ಮುಂಗೈಯ ಬಣ್ಣ ಹೋಗುತ್ತಿತ್ತು. ಅವಳು ಹಾಗೆ ಯೋಚಿಸಿದಳೆಂದಲ್ಲ, ಯೋಚಿಸುವಷ್ಟು ಹೊತ್ತೆಲ್ಲಿತ್ತು. ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು, ಕಾದ ಇಸ್ತ್ರಿಪೆಟ್ಟಿಗೆ ಕಂಡಾಗ ಸರಿಯುವ ಹಾಗೆ. ಅವನು ನೆಲಕ್ಕೆ ಬಿದ್ದ ಸದ್ದಿಗೆ ಗೋಡೆಯುದ್ದಕ್ಕೂ ನಿಂತಿದ್ದ ಬೆದರುಬೊಂಬೆಗಳೆಲ್ಲ ಒಮ್ಮೆ ತಿರುಗಿ ನೋಡಿದವು. ಯಾರೊಬ್ಬರ ಕೈಯೂ ಇಳಿಯಲಿಲ್ಲ. ಈಗ ಅವನು ಬಿದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ಒಂದು ಬೆನ್ನಿನ ಕಂದು ಗುರುತಿತ್ತು. ಜನ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು.

ಬಣ್ಣ ಹಚ್ಚುತ್ತಿದ್ದ ಅಕ್ಕ ಸ್ಪಂಜನ್ನು ಮತ್ತೆ ಡಬ್ಬಿಗೆ ಅದ್ದಿದಳು. "ಉಸಿರು ಬಿಗಿ ಹಿಡೀಬೇಡ, ಹೊಟ್ಟೆ ಹತ್ತಿರ ಗೆರೆ ಬೀಳುತ್ತೆ," ಎಂದಳು, ಎಂದಿನ ದನಿಯಲ್ಲಿ. ಆದರೆ ಸ್ಪಂಜು ಒಂದೇ ಕಡೆ, ಪಕ್ಕೆಲುಬಿನ ಮೇಲೆ, ಮತ್ತೆ ಮತ್ತೆ ಓಡಾಡುತ್ತಿತ್ತು.

ತಂಗಿ ಎಲ್ಲರಿಗೂ ಕಡ್ಡಿ. ಹುಟ್ಟಿದಾಗಿನಿಂದ ಕಡ್ಡಿ. ಶಾಲೆಯಲ್ಲಿ ಗಾಳಿ ಜೋರಾದರೆ ಕಿಟಕಿ ಹಾಕಿ, ಕಡ್ಡಿ ಹಾರಿಹೋಗ್ತಾಳೆ ಎನ್ನುತ್ತಿದ್ದರು. ಅಕ್ಕನ ಮದುವೆಯಾಗಿ, ಅಪ್ಪ ಅಮ್ಮ ಇಬ್ಬರೂ ಹೋಗಿ, ಅವಳು ಅಕ್ಕನ ಮನೆಗೆ ಬಂದ ಮೇಲೆ ಕೆಳಗಿನ ಮಹಡಿಯಲ್ಲಿದ್ದ ಭಾವನ ಜಿಮ್ಮಿನಲ್ಲಿ ಮೊದಲು ನೆಲ ಒರೆಸಿದ್ದಳು. ಒಂದು ದಿನ ಭಾವ ಅವಳ ಕೈಗೆ ಕಬ್ಬಿಣ ಕೊಟ್ಟು, ಎತ್ತು ನೋಡೋಣ ಎಂದ. ತಮಾಷೆಗೆ ಕೊಟ್ಟಿದ್ದು. ಅವಳು ಎತ್ತಿದಳು. ಭಾವನ ಮುಖದಲ್ಲಿದ್ದ ನಗು ನಿಂತು, ಆ ಜಾಗದಲ್ಲಿ ಬೇರೇನೋ ಬಂತು. ಅವಳನ್ನು ಹಾಗೆ ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ, ಬಾಳುವ ವಸ್ತುವನ್ನು ನೋಡುವ ಹಾಗೆ. ಆ ನೋಟದ ಋಣದಲ್ಲೇ ಇಷ್ಟು ವರ್ಷ ಕಳೆದಿದ್ದಳು. ಹಗಲು ಲಾಂಡ್ರಿಯಲ್ಲಿ ಕೆಲಸ, ಸಂಜೆ ಕಬ್ಬಿಣ. ಲಾಂಡ್ರಿಯ ಹಿಂಡುವ ಯಂತ್ರದ ಮುಚ್ಚಳ ಹಾಕಿದರೆ ಒಳಗಿನ ಚಾದರಗಳು ತಿರುಗಿ ತಿರುಗಿ ಡ್ರಮ್ಮಿನ ಗೋಡೆಗೆ ಅಂಟಿಕೊಳ್ಳುತ್ತವೆ. ತೆಗೆದಾಗ ತೊಟ್ಟು ನೀರಿಲ್ಲ, ಚಾದರವೆಂದು ಗುರುತೂ ಸಿಗುವುದಿಲ್ಲ. ಎಡಗಡೆಯ ಯಂತ್ರದ ಸದ್ದೇ ಈಗ ಕಿವಿಯಲ್ಲಿ ಕೇಳುತ್ತಿದೆಯಲ್ಲ ಎಂದುಕೊಂಡಳು. ಯಂತ್ರವಲ್ಲ, ಸಭಾಂಗಣದ ಧ್ವನಿವರ್ಧಕ. ಪುರುಷರ ತೂಕದ ಗುಂಪೊಂದನ್ನು ಕರೆಯುತ್ತಿದ್ದರು. ಅದರಲ್ಲಿ ಮುಳ್ಳಿನ ಸಂಖ್ಯೆಯನ್ನೂ ಕರೆದರು. ಮತ್ತೊಮ್ಮೆ ಕರೆದು ಬಿಟ್ಟುಬಿಟ್ಟರು.

ನಾಲಿಗೆ ಬಾಯೊಳಗೆ ಬೇರೆ ಯಾರದೋ ಚಪ್ಪಲಿಯ ಹಾಗೆ ಬಿದ್ದಿತ್ತು. ನಿನ್ನೆ ಬೆಳಿಗ್ಗೆ ಭಾವ ಎಲ್ಲರ ನೀರಿನ ಬಾಟಲಿಗಳನ್ನು ಇಸಿದುಕೊಂಡಿದ್ದ. ಅದು ಪ್ರತಿ ಸ್ಪರ್ಧೆಗೂ ನಡೆಯುವ ಶಾಸ್ತ್ರ. ಬಾಟಲಿಗಳೆಲ್ಲ ಜಿಮ್ಮಿನ ಕಪಾಟಿನಲ್ಲಿ ಸಾಲಾಗಿ ಕೂರುತ್ತವೆ, ಬೀಗ ಬೀಳುತ್ತದೆ, ಆಮೇಲೆ ತುಟಿಗೆ ಒದ್ದೆ ಹತ್ತಿ ಮಾತ್ರ. ಹತ್ತಿಯನ್ನು ಚೀಪುವಂತಿಲ್ಲ, ಒತ್ತಬೇಕು. ಮೈಯ ನೀರು ಇಳಿದಷ್ಟೂ ಚರ್ಮ ಸ್ನಾಯುವಿಗೆ ಅಂಟುತ್ತದೆ, ಗೆರೆಗಳು ಎದ್ದು ಕಾಣುತ್ತವೆ, ಮೇಜಿನ ಹಿಂದೆ ಕೂತ ತೀರ್ಪುಗಾರರು ಆ ಗೆರೆಗಳನ್ನು ನೋಡಿ ಅಂಕ ಹಾಕುತ್ತಾರೆ. ಅವರ ಮೇಜಿನ ಮೇಲೆ ಒಬ್ಬೊಬ್ಬರಿಗೂ ಒಂದೊಂದು ನೀರಿನ ಬಾಟಲಿ. ಭಾವನ ಸ್ಟೀಲಿನ ಬಾಟಲಿಯೂ ಸದಾ ಅವನ ಕೈಯಲ್ಲೇ. ಎಲ್ಲರೂ ನೋಡುವ ಹಾಗೆ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ನೀರು ಬೇಕು ಅನ್ನೋರು ಎಮ್ಮೆಯಾಗಿ ಹುಟ್ಟಬೇಕಿತ್ತು ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಕ್ಕರೆ ತುಟಿ ಒಡೆಯುತ್ತಿತ್ತು, ಆದರೂ ನಗುತ್ತಿದ್ದರು. ದಿನವೂ ಒಬ್ಬೊಬ್ಬರನ್ನೇ ಕರೆದು ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎಳೆದು ನೋಡುವುದು. ದಪ್ಪವಿದ್ದರೆ, ಇನ್ನೂ ಬಟ್ಟೆ, ತೆಳ್ಳಗಿದ್ದರೆ, ಕಾಗದ ಎನ್ನುವುದು. ಕಾಗದವಾದವನು ವೇದಿಕೆಗೆ, ಬಟ್ಟೆಯಾದವನಿಗೆ ನೀರಿಳಿಸುವ ಮಾತ್ರೆ ಇನ್ನೊಂದು. ಅವಳನ್ನು ಚಿವುಟುವಾಗ ಅಕ್ಕ ಪಕ್ಕದಲ್ಲಿ ನಿಂತಿರುತ್ತಿದ್ದಳು, ಅದೊಂದು ಮರ್ಯಾದೆ. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು. ತಂಗಿ ಚಾವಣಿ ನೋಡುತ್ತಿದ್ದಳು. ಬಟ್ಟೆ, ಎಂದಾಗ ಕಣ್ಣಲ್ಲಿ ನೀರು ಬಂದು, ಆ ನೀರಿಗೂ ನಾಚಿಕೆಯಾಗುತ್ತಿತ್ತು. ಇನ್ನೂ ಮಿಕ್ಕಿದೆಯಲ್ಲ ಎಂದು.

ಬಟ್ಟೆಗಿಂತ ಬೇರೆ ರೀತಿ ಇತ್ತು ಅಪ್ಪನ ಕಾಲಿನ ಚರ್ಮ. ಸಂಜೆಯಾದರೆ ಪಾದ ಉಬ್ಬಿ ಚಪ್ಪಲಿಯಿಂದ ಆಚೆ ಬರುತ್ತಿತ್ತು. ಗುಂಡಿ ತೋಡು ಕಡ್ಡಿ, ಎಂದು ಅಪ್ಪ ಕಾಲು ನೀಡುತ್ತಿದ್ದ. ಅವಳು ಹೆಬ್ಬೆರಳು ಒತ್ತಿ ತೆಗೆದರೆ ಅಷ್ಟಗಲ ಗುಂಡಿ ಹಾಗೇ ಉಳಿಯುತ್ತಿತ್ತು, ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು. ಎದೆಯ ಪಂಪು ಸೋತಿದೆ, ನೀರು ಕೆಳಗೆ ನಿಲ್ಲುತ್ತಿದೆ ಎಂದಿದ್ದರು ಡಾಕ್ಟರು. ಅದಕ್ಕೊಂದು ಮಾತ್ರೆ. ಮನೆಯಲ್ಲಿ ಅದರ ಹೆಸರು ಊತದ ಮಾತ್ರೆ. ಅರ್ಧ ಮುರಿದು ಅಪ್ಪನ ಅಂಗೈಗೆ ಹಾಕುವ ಕೆಲಸ ಅಕ್ಕನದು. ಮುರಿದಾಗ ಪುದೀನದ ವಾಸನೆ ಬರುತ್ತಿತ್ತು, ಮಾತ್ರೆಗೆ ಯಾಕೆ ಪುದೀನದ ವಾಸನೆ ಎಂದು ಇಬ್ಬರೂ ಮೂಸಿ ಮೂಸಿ ನೋಡುತ್ತಿದ್ದರು. ಆ ಮಾತ್ರೆ ಬಂದ ದಿನದಿಂದ ಮನೆಗೆ ಬಾಳೆಹಣ್ಣು ಬರುವುದು ನಿಂತಿತು. ಡಾಕ್ಟರು ಅಮ್ಮನನ್ನು ಎದುರು ಕೂರಿಸಿಕೊಂಡು ಹೇಳಿದ್ದರು: ಈ ಮಾತ್ರೆ ನೀರನ್ನು ಹೊರಗೆ ಕಳಿಸುತ್ತದೆ, ಆದರೆ ಬಾಳೆಹಣ್ಣಿನಲ್ಲಿರುವಂಥ ಒಂದು ಉಪ್ಪನ್ನು ಕಳಿಸುವುದಿಲ್ಲ, ಒಳಗೇ ಕೂಡಿಡುತ್ತದೆ, ಅದು ಹೆಚ್ಚಾದರೆ ಎದೆ ನಿಂತುಹೋಗುತ್ತದೆ. ಒಮ್ಮೆ ಯಾರೋ ನೆಂಟರು ಬಾಳೆಹಣ್ಣಿನ ಚಿಪ್ಪು ತಂದಾಗ ಅಮ್ಮ ಅದನ್ನು ಅಟ್ಟದ ಮೇಲಿಟ್ಟಳು. ಅಪ್ಪ ಏಣಿ ಹಾಕಿದ. ಏಣಿಯ ಎರಡನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ನಿಂತು, ಬಾಳೆಹಣ್ಣು ಕದಿಯುವ ವಯಸ್ಸಾ ನಂದು ಎಂದು ತಾನೇ ನಕ್ಕಿದ್ದ. ಅಕ್ಕ ಅವತ್ತು ಅಪ್ಪನನ್ನು ಬೈದಿದ್ದಳು. ಚಿಕ್ಕ ಹುಡುಗಿ, ಸೊಂಟಕ್ಕೆ ಕೈಯಿಟ್ಟು, ಸತ್ತುಹೋಗ್ತೀಯಾ ಅಷ್ಟೇ ನೀನು ಎಂದು.

ಈ ಸಲ ಮಾತ್ರೆ ಬದಲಾಗಿತ್ತು. ಎಂದಿನ ಸಣ್ಣ ಬಿಳಿ ಮಾತ್ರೆ ಅಂಗಡಿಯಲ್ಲಿ ಸಿಗಲಿಲ್ಲವಂತೆ. ಇದು ಅದರ ಅಣ್ಣ, ಕೆಲಸ ಅದೇ ಎಂದು ಭಾವ ಬೇರೆ ಸ್ಟ್ರಿಪ್ಪುಗಳನ್ನು ತಂದ. ಬಿಳಿ ಮಾತ್ರೆ ನುಂಗಿದರೆ ಮೀನಖಂಡ ಸೆಳೆಯುತ್ತಿತ್ತು, ನೀರಿನ ಜೊತೆ ಬಾಳೆಹಣ್ಣಿನ ಆ ಉಪ್ಪೂ ಹೋಗುತ್ತಿತ್ತಂತೆ, ಅದಕ್ಕೆಂದು ಅದೇ ಉಪ್ಪಿನ ಪುಡಿಯ ಪೊಟ್ಟಣ ಕೊಡುವುದು ಮೊದಲಿನಿಂದ ರೂಢಿ. ಮಾತ್ರೆ ಬದಲಾಯಿತು, ಪೊಟ್ಟಣ ಬದಲಾಗಲಿಲ್ಲ. ಸೆಳೆತ ಜಾಸ್ತಿ ಎಂದವರಿಗೆ ಎರಡು ಪೊಟ್ಟಣ. ಮುಳ್ಳು ಯಾವಾಗಲೂ ಎರಡು ಕೇಳುತ್ತಿದ್ದ. ಅವಳು ಹೊಸ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟ ಮೊದಲ ದಿನ ಬಾಯಿ ತುಂಬ ಪುದೀನ. ಕಣ್ಣೆತ್ತಿದಳು. ಕನ್ನಡಿಯಲ್ಲಿ ಅಕ್ಕ ಅವಳನ್ನೇ ನೋಡುತ್ತಿದ್ದಳು. ಅಕ್ಕನ ಕೈಯಲ್ಲಿ ಬಿಡಿಸಿದ ಸ್ಟ್ರಿಪ್ಪು. ಇಬ್ಬರಿಗೂ ತಿಳಿಯಿತು. ಇಬ್ಬರಿಗೂ ತಿಳಿಯಿತೆಂಬುದೂ ಇಬ್ಬರಿಗೂ ತಿಳಿಯಿತು. ಅಕ್ಕ ಸ್ಟ್ರಿಪ್ಪನ್ನು ಮಡಿಸಿ, ಬೇಗ ನುಂಗು, ಇವರು ಕಾಯ್ತಿದ್ದಾರೆ ಎಂದಳು. ಅವಳು ನುಂಗಿದಳು. ತನ್ನ ಪಾಲಿನ ಪೊಟ್ಟಣವನ್ನು ಮಾತ್ರ ಆ ದಿನದಿಂದ ಬಚ್ಚಲಲ್ಲಿ ಚೆಲ್ಲತೊಡಗಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಭಾವನಿಗೆ ಏನೂ ಗೊತ್ತಿಲ್ಲ ಎಂದು ಹೇಳಿದ ಹಾಗಾಗುತ್ತಿತ್ತು.

ಹಾಗಾದರೆ ಇವತ್ತು ಬೆಳಿಗ್ಗೆ ಮುಳ್ಳು ಎದೆ ಮುಟ್ಟಿಕೊಂಡು ಬಂದಾಗ? ಒದ್ದೆ ಹತ್ತಿ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. ಅವನ ಬೆರಳುಗಳು ಅಷ್ಟು ದಪ್ಪ, ಆದರೂ ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಎತ್ತುತ್ತಿದ್ದವು; ಅವನ ಅಂಗಡಿಯ ಗಾಜಿನಾಚೆ ನಿಂತು ಅವಳೇ ಎಷ್ಟೋ ಸಲ ನೋಡಿದ್ದಳು. ನೀರು ಹೊಕ್ಕ ವಾಚುಗಳನ್ನು ಅವನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಿದ್ದ. ನಿಮ್ಮ ಭಾವ ನಮ್ಮನ್ನೂ ಹೂತಿಟ್ಟಿದ್ದಾರೆ ಕಡ್ಡಿ, ಒಂದೇ ವ್ಯತ್ಯಾಸ ಅಂದ್ರೆ ಆ ಅಕ್ಕೀನ ಆಮೇಲೆ ಅಮ್ಮ ಬೇಯಿಸ್ತಾಳೆ ಎಂದು ನಗಿಸಿದ್ದ. ಇವತ್ತು ಬೆರಳು ನಡುಗುತ್ತಿದ್ದವು. ಎದೆಯಲ್ಲಿ ಚಕ್ರದ ಒಂದು ಹಲ್ಲು ತಪ್ಪಿ ಹೋಗ್ತಿದೆ, ಟಿಕ್ ಅಂತ ಬಂದು ಮುಂದಿನದು ಬರ್ತಾನೇ ಇಲ್ಲ, ಎಂದ. ಅವಳು ಏನಂದಳು? ಹದ ಬರ್ತಿದೆ ಕಣೋ, ಕಾಗದ ಆಗ್ತಿದೀಯ ಎಂದಳು. ಭಾವನ ಮಾತು, ಭಾವನದೇ ದನಿಯಲ್ಲಿ. ಸೆಳೆತ, ನಡುಕ, ಕಣ್ಣು ಕತ್ತಲು, ಎಲ್ಲಕ್ಕೂ ಅವರಲ್ಲಿ ಒಂದೇ ಮಾತು, ಹದ. ಮುಳ್ಳು ಅದನ್ನು ಕೇಳಿ ಸಮಾಧಾನದಿಂದ ಹೋಗಿ ಇನ್ನೊಂದು ಪೊಟ್ಟಣ ಬಾಯಿಗೆ ಹಾಕಿಕೊಂಡ. ಬಚ್ಚಲಿಗೆ ಚೆಲ್ಲುವಷ್ಟು ತಿಳಿದಿತ್ತು ಅವಳಿಗೆ. ಅವನಿಗೆ ಹೇಳುವಷ್ಟು ತಿಳಿದಿರಲಿಲ್ಲವೇ?

ಭಾವ ಬಾಗಿಲು ತಳ್ಳಿಕೊಂಡು ಬಂದ. ಮುಖದಲ್ಲಿ ಬೆವರು. ಈ ಕೋಣೆಯಲ್ಲಿ ಬೆವರುವಷ್ಟು ನೀರಿದ್ದವನು ಅವನೊಬ್ಬನೇ. ಎಲ್ಲರೂ ಕೇಳುವ ಹಾಗೆ, ಏನಿಲ್ಲ, ಸುಸ್ತು, ಗ್ಲೂಕೋಸ್ ಏರಿಸ್ತಾರೆ, ಸಂಜೆಗೆ ಬಂದು ಪದಕ ನೋಡ್ತಾನೆ ಎಂದ. ಯಾರೋ ನಕ್ಕರು. ಆಮೇಲೆ ಅವಳ ಹತ್ತಿರ ಬಂದು, ಮೆಲ್ಲಗೆ, ಚೀಲ ಅಲ್ಲೇ ಇರಲಿ, ಹೆಂಗಸರ ಚೀಲ ಯಾರೂ ನೋಡೋದಿಲ್ಲ, ಸಂದು ಸಿಕ್ಕಾಗ ನಾನೇ ಕಕ್ಕಸಿಗೆ ಹಾಕಿ ನೀರು ಬಿಡ್ತೀನಿ ಎಂದ. ನೀರು ಬಿಡುತ್ತಾರಂತೆ. ಅವಳಿಗೆ ಬಕೆಟ್ಟು ಕಂಡಿತು, ತುಂಬಿ ಹರಿಯುವ ಬಕೆಟ್ಟು, ಅದರೊಳಗೆ ತಲೆಯಿಟ್ಟ ತಾನು.

ಅರ್ಧ ಗಂಟೆ ಕಳೆದಿರಬೇಕು, ಅಕ್ಕನ ಫೋನು ಬಡಿದುಕೊಂಡಿತು. ಅಕ್ಕನ ಕೈ ಬಣ್ಣವಾಗಿತ್ತು, ಭಾವನೇ ತೆಗೆದು ಸ್ಪೀಕರಿಗೆ ಹಾಕಿದ. ಮುಳ್ಳಿನ ತಾಯಿ. ಮಗನನ್ನು ವೇದಿಕೆಯ ಮೇಲೆ ನೋಡಬೇಕೆಂದು ಬಂದು ಮುಂದಿನ ಸಾಲಲ್ಲಿ ಕೂತಿದ್ದವರು ಆಂಬುಲೆನ್ಸಿನಲ್ಲೇ ಹೋಗಿದ್ದರು. ಸಣ್ಣ ಆಸ್ಪತ್ರೆಯಂತೆ, ರಕ್ತವನ್ನು ಬೇರೆಲ್ಲಿಗೋ ಕಳಿಸಿದ್ದಾರಂತೆ, ವರದಿ ಬರುವುದು ತಡವಂತೆ, ಎದೆಗೆ ವೈರು ಹಚ್ಚಿದ್ದಾರೆ, ಗೆರೆ ಸರಿಯಿಲ್ಲ ಅಂತಾರೆ. ಅವರ ಮಾತುಗಳು ಒಂದಕ್ಕೊಂದು ತೊಡರಿ ಬೀಳುತ್ತಿದ್ದವು.

"ಏನಾದ್ರೂ ಮಾತ್ರೆ ಗೀತ್ರೆ ತಗೊಂಡಿದ್ನಾ ಅಂತ ಡಾಕ್ಟ್ರು ಕೇಳ್ತಿದ್ದಾರಪ್ಪಾ," ಎಂದರು. "ನೀನೇ ಅಲ್ವಾ ಅವನಿಗೆ ಎಲ್ಲಾ. ಹೇಳಪ್ಪಾ."

"ಮಾತ್ರೇನಾ? ನಮ್ಮಲ್ಲಿ ಅದೆಲ್ಲ ಇಲ್ಲಮ್ಮಾ," ಎಂದ ಭಾವ. ಎಷ್ಟು ಒಳ್ಳೆಯ ದನಿ. ಮಗನ ಹಾಗೆ. "ನೀರು ಕಮ್ಮಿ ಕುಡಿದಿದ್ದ, ಅಷ್ಟೇ. ಮೈಯಲ್ಲಿ ಉಪ್ಪು ಇಳಿದಿರುತ್ತೆ. ಸೆಳೆತಕ್ಕೆ ಹಾಕ್ತಾರಲ್ಲ, ಆ ಉಪ್ಪನ್ನ ಡ್ರಿಪ್ಪಲ್ಲಿ ಏರಿಸಿ ಅಂತ ಡಾಕ್ಟ್ರಿಗೆ ಹೇಳಿ. ಎದ್ದು ಕೂರ್ತಾನೆ."

ಸ್ಪಂಜು ನಿಂತಿತು. ಅಕ್ಕನ ಕೈ ಅವಳ ಪಕ್ಕೆಯ ಮೇಲೆ ಹಾಗೇ ಇತ್ತು, ಅದರೊಳಗಿಂದ ಕಂದು ನೀರು ಇಳಿದು ತೊಡೆಯವರೆಗೂ ಗೆರೆ ಎಳೆಯಿತು. ಭಾವ ಫೋನನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು ಬೇರೊಬ್ಬನ ಭುಜಕ್ಕೆ ಎಣ್ಣೆ ಹಚ್ಚಲು ಹೋದ. ಅವನು ಸುಳ್ಳು ಹೇಳುತ್ತಿದ್ದಾನೆಂದು ಅವನಿಗೇ ಅನಿಸುತ್ತಿರಲಿಲ್ಲ, ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮಾತ್ರೆಯ ಸುಳ್ಳು ಅವನಿಗೆ ಸಣ್ಣದು, ಉಪ್ಪಿನ ಮಾತು ನಿಜ. ಅವನು ಹಾಗೆಂದೇ ನಂಬಿದ್ದ. ನಂಬಿಕೊಂಡೇ, ಎಣ್ಣೆ ಹಚ್ಚುವ ಕೈಯಷ್ಟೇ ಮೃದುವಾಗಿ, ಆಸ್ಪತ್ರೆಗೆ ಆ ಉಪ್ಪನ್ನು ಕಳಿಸಿದ.

"ಅಕ್ಕಾ," ಎಂದಳು. ಬಾಯಿಂದ ಗಾಳಿ ಮಾತ್ರ ಬಂತು. ಮತ್ತೆ ಎಂದಳು. "ಅಪ್ಪನ ಮಾತ್ರೆ ಅಕ್ಕಾ ಅದು."

ಅಕ್ಕ ಗಂಡನ ಬೆನ್ನನ್ನು ನೋಡಿದಳು. "ನಂಗೊತ್ತಿಲ್ವೇನೇ," ಎಂದಳು. ಆಮೇಲೆ, ಬಹಳ ಸಣ್ಣ ದನಿಯಲ್ಲಿ, ಈಗ ಬಾಯಿ ಬಿಟ್ಟರೆ ಜಿಮ್ಮು ಮುಚ್ಚಿಸುತ್ತಾರೆ, ಇವರನ್ನು ಎಳೆದುಕೊಂಡು ಹೋಗುತ್ತಾರೆ, ಆ ಮನೆಯಲ್ಲಿ ನೀನೂ ಇದ್ದೀಯಲ್ಲೇ, ಡಾಕ್ಟರಿಗೆ ಅಷ್ಟೂ ತಿಳಿಯೋದಿಲ್ವಾ ಎಂದಳು. ಹೇಳುತ್ತ ಹೇಳುತ್ತ ಸ್ಪಂಜನ್ನು ಹಿಂಡುತ್ತಿದ್ದಳು. ಹಿಂಡಲು ಏನೂ ಉಳಿದಿರಲಿಲ್ಲ.

ಧ್ವನಿವರ್ಧಕ ಮಹಿಳೆಯರ ಗುಂಪನ್ನು ಕರೆಯಿತು. ಪರದೆಯಾಚೆ ಚಪ್ಪಾಳೆ. ಅವಳು ಚಾಚಿದ್ದ ಕೈಗಳನ್ನು ಇಳಿಸಿದಳು. ಕಂಕುಳ ಪಿಚಕ್ ಎಂದು ಅಂಟಿತು. ಎರಡು ಹೆಜ್ಜೆ ಇಟ್ಟು ಬಗ್ಗಿ ಚೀಲದ ಜಿಪ್ಪೆಳೆದಾಗ ಕಣ್ಣೆದುರು ಕಪ್ಪು ಚುಕ್ಕೆಗಳು ಹಾರಿ, ಕೋಣೆ ಒಂದು ಕಡೆಗೆ ವಾಲಿ, ಮತ್ತೆ ಜಾಗಕ್ಕೆ ಬಂತು. ಸ್ಟ್ರಿಪ್ಪು ಕೈಗೆ ಸಿಕ್ಕಿತು. ಒಂದೆರಡು ಗುಳಿಗಳಲ್ಲಿ ಇನ್ನೂ ಮಾತ್ರೆಗಳಿದ್ದವು. ಹಿಂಬದಿಯ ಹೆಸರು ಉದ್ದವಾಗಿತ್ತು, ನೆನಪಿಟ್ಟುಕೊಳ್ಳುವಂಥದಲ್ಲ, ನೋಡಿಕೊಂಡೇ ಓದಬೇಕು. ಮುಷ್ಟಿ ಕಟ್ಟಿದಳು. ಇನ್ನೊಂದು ಕೈಯಲ್ಲಿ ಹಲಗೆಯ ಮೇಲಿನ ಫೋನು ಎತ್ತಿಕೊಂಡು, ಬಣ್ಣದ ಹೆಬ್ಬೆಟ್ಟಿನಿಂದ ಗಾಜನ್ನು ಒತ್ತಿದಳು. ಗಾಜಿಗೆ ಆ ಬೆರಳು ತಿಳಿಯಲಿಲ್ಲ. ಮತ್ತೆ ಒತ್ತಿದಳು. ಒಣಗಿದ ಬೆರಳು, ಕಾಗದದ ಬೆರಳು. ಗಾಜು ಕಂದಾಯಿತೇ ಹೊರತು ಏಳಲಿಲ್ಲ.

ಪಕ್ಕದಿಂದ ಒಂದು ಕೈ ಬಂದು ಫೋನು ಇಸಿದುಕೊಂಡಿತು. ಅಕ್ಕ. ಸೆರಗಿನಲ್ಲಿ ಗಾಜು ಒರೆಸಿದಳು, ತನ್ನ ಬೆರಳನ್ನೂ ಒರೆಸಿಕೊಂಡಳು, ಮುಳ್ಳಿನ ತಾಯಿಯ ಸಂಖ್ಯೆ ಒತ್ತಿ, ತಂಗಿಯ ಕಿವಿಗೆ ಹಿಡಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಏಣಿಯ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತ ಹುಡುಗಿಯ ಮುಖ ಅಲ್ಲೆಲ್ಲೋ ಇತ್ತೇನೋ, ಕಡ್ಡಿಗೆ ನೋಡಲು ವ್ಯವಧಾನವಿರಲಿಲ್ಲ.

"ಅಮ್ಮಾ, ನಾನು ಕಡ್ಡಿ," ಎಂದಳು. "ಉಪ್ಪು ಏರಿಸಬೇಡಿ ಅನ್ನಿ. ಆ ಉಪ್ಪು ಹಾಕಿದ್ರೆ ಅವನು ಉಳಿಯಲ್ಲ. ಮಾತ್ರೆ ತಗೊಂಡಿದ್ದಾನೆ, ಹೆಸರು ನನ್ನ ಕೈಯಲ್ಲಿದೆ. ಡಾಕ್ಟ್ರಿಗೆ ಫೋನ್ ಕೊಡಿ."

ಆ ಕಡೆ ಓಡುವ ಹೆಜ್ಜೆಗಳು. ಒಂದು ಬಾಗಿಲು. ವಯಸ್ಸಾದ ಹೆಂಗಸಿನ ಏದುಸಿರು ಕಿವಿಗೆ ಬಡಿಯುತ್ತಿತ್ತು. ಈ ಕಡೆ ಭಾವ ಎಣ್ಣೆ ಕೈಯಲ್ಲೇ ಬಂದಿದ್ದ. ಕೂಗಾಡಲಿಲ್ಲ, ಸುತ್ತ ಜನ. ನಗುತ್ತಲೇ ಅವಳ ಮುಷ್ಟಿ ಹಿಡಿದ. ಕೊಡು ಕಡ್ಡಿ, ತಲೆ ಕೆಟ್ಟಿದೆ ನಿನಗೆ, ನೀರಿಲ್ಲದೆ ಹೀಗಾಗುತ್ತೆ, ವೇದಿಕೆ ಮುಗಿಸಿ ಬಾ, ನಾನೇ ನಿನಗೆ ಹೊಟ್ಟೆ ತುಂಬ ನೀರು ಕುಡಿಸ್ತೀನಿ ಎಂದ. ಹೆಬ್ಬೆಟ್ಟನ್ನು ಅವಳ ಕಿರುಬೆರಳ ಕೆಳಗೆ ತೂರಿಸಿ ಎತ್ತಿದ. ಬೆರಳು ಬರಲಿಲ್ಲ. ಇನ್ನೊಂದು ಕೈಯನ್ನೂ ಹಾಕಿದ. ಎಣ್ಣೆಗೆ ಜಾರಿತು. ಅವಳು ತನ್ನ ಮುಷ್ಟಿಯನ್ನು ಯಾರದೋ ಎನ್ನುವ ಹಾಗೆ ನೋಡಿದಳು. ಅದು ಸೆಳೆತ. ಮುಂಗೈಯಿಂದ ಹಿಡಿದು ಬೆರಳ ತುದಿಯವರೆಗೂ ಸ್ನಾಯುಗಳು ಹಗ್ಗವಾಗಿ ಬಿಗಿದು ಕಲ್ಲಾಗಿದ್ದವು. ಬಿಚ್ಚು ಎಂದರೆ ಅವಳಿಂದಲೂ ಆಗುತ್ತಿರಲಿಲ್ಲ. ನೋವಿಗೆ ಹಲ್ಲು ಕಚ್ಚಿದಳು. ಈ ಕೈಯನ್ನು ಮಾಡಿದವನು ಅವನೇ, ಇದನ್ನು ಒಣಗಿಸಿದವನೂ ಅವನೇ, ಈಗ ಅವನು ಅದರ ಮುಂದೆ ಬಗ್ಗಿ ಬೆರಳೊಂದೊಂದನ್ನೂ ಬೇಡುತ್ತಿದ್ದ.

"ನಿನ್ನನ್ನ ಮನುಷ್ಯಳನ್ನಾಗಿ ಮಾಡಿದ್ದು ಯಾರೇ?" ಎಂದ ಹಲ್ಲಿನ ಸಂದಿಯಲ್ಲಿ. "ನನ್ನ ಮನೆ ಅನ್ನ ತಿಂದು..."

"ಅನ್ನ ಎಲ್ಲಿ ಹಾಕಿದ್ರಿ," ಎಂದಳು ಅಕ್ಕ, ಯಾರ ಮುಖವನ್ನೂ ನೋಡದೆ. "ನೀರೂ ಕೊಡಲಿಲ್ಲ." ಫೋನು ಹಿಡಿದ ಅವಳ ಕೈ ತಂಗಿಯ ಕಿವಿಯಿಂದ ಕದಲಲಿಲ್ಲ.

ಧ್ವನಿವರ್ಧಕ ಕಡ್ಡಿಯ ಸಂಖ್ಯೆಯನ್ನು ಕರೆಯಿತು. ಆ ಹೊತ್ತಿಗೆ ಸೆಳೆತ ಬಂದ ಹಾಗೆಯೇ ಹೋಯಿತು. ಮೊದಲು ಕಿರುಬೆರಳು, ಆಮೇಲೆ ಅಂಗೈ, ಬಿಸಿನೀರಲ್ಲಿ ಅದ್ದಿದ ಹಾಗೆ ಸಡಿಲವಾದವು. ಈಗ ಬಿಚ್ಚಬಹುದಾಗಿತ್ತು. ಭಾವನಿಗೂ ಅದು ಬೆರಳಿನ ಕೆಳಗೆ ತಿಳಿಯಿತು, ಅವನ ಮುಖ ಹಗುರಾಯಿತು, ಹಾಂ, ಜಾಣೆ, ಎಂದ. ಮುಳ್ಳು ನೀಡಿದ ಕೈ ಅವಳ ಕಣ್ಣೆದುರು ಬಂತು, ಬಣ್ಣ ಹೋದೀತೆಂದು ಸರಿದ ತನ್ನ ಕೈಯೂ. ಸಡಿಲವಾದ ಬೆರಳುಗಳನ್ನು ಒಂದೊಂದಾಗಿ, ಈ ಸಲ ತಾನೇ, ಮತ್ತೆ ಬಿಗಿದಳು.

ಫೋನಿನಲ್ಲಿ ಗಂಡಸಿನ ದನಿ ಕೇಳಿತು. "ಡಾಕ್ಟ್ರು ಮಾತಾಡ್ತಿರೋದು. ಯಾವ ಮಾತ್ರೆ? ಬೇಗ ಹೇಳಿ."

"ಕೊಡು," ಎಂದ ಭಾವ. "ಕೊಟ್ಟು ವೇದಿಕೆಗೆ ನಡಿ."

"ಕೊಡಲ್ಲ," ಎಂದಳು, ಫೋನಿನ ಆ ಕಡೆಗೂ ಕೇಳುವ ಹಾಗೆ. "ಹೋಗೋದೂ ಇಲ್ಲ." ಆಮೇಲೆ ಭಾವನಿಗೆ ಬೆನ್ನು ಮಾಡಿ, ಗೋಡೆಗೆ ಮುಖವಿಟ್ಟು, ಮುಷ್ಟಿಯನ್ನು ಕಣ್ಣಿನ ಹತ್ತಿರ ತಂದು ಬಿಚ್ಚಿ, ಒಂದೊಂದೇ ಅಕ್ಷರ ಓದತೊಡಗಿದಳು.